ಪುಟ್ಟಮಲ್ಲಮ್ಮನ ಮೂಗುಬೊಟ್ಟು

ಬೆಟ್ಟದಪುರದ ಬೆಟ್ಟ ಆ ಬೆಳಿಗ್ಗೆಯೂ ಎರಡಾಗಿಯೇ ಇತ್ತು. ಒಂದು ಎಂದಿನ ಜಾಗದಲ್ಲಿ, ಪಿರಿಯಾಪಟ್ಟಣದ ಮನೆಗಳ ನೀರಿನ ಟ್ಯಾಂಕುಗಳಾಚೆ, ಮಂಜಿನ ಮೇಲೆ ತೇಲಿಬಿಟ್ಟ ಹಾಗೆ. ಇನ್ನೊಂದು ಅದರ ಪಕ್ಕಕ್ಕೆ ಕೂದಲೆಳೆಯಷ್ಟು ಸರಿದು, ಚೂರು ಮೇಲೆದ್ದು, ಮೊದಲನೆಯದರ ದೆವ್ವದ ಹಾಗೆ. ಗೌರೀಶ್ ಕ್ಯಾಮೆರಾದಿಂದ ಕಣ್ಣು ಕಿತ್ತು ಬರಿಗಣ್ಣಿನಲ್ಲಿ ನೋಡಿದ. ಬೆಟ್ಟ ಒಂದೇ. ಮತ್ತೆ ಕಣ್ಣಿಟ್ಟ. ಎರಡು. ಸೋವಿಯತ್ ಕಾಲದಲ್ಲಿ ರಷ್ಯಾದವರು ಮಾಡಿದ ಈ ಝೋರ್ಕಿ ಕ್ಯಾಮೆರಾದ ಮರ್ಮವೇ ಅದು. ಮುಂದುಗಡೆ ಎರಡು ಪುಟ್ಟ ಕಿಟಕಿ. ಎರಡರಿಂದಲೂ ಕಂಡದ್ದು ಒಳಗೆ ಒಂದೇ ಕಡೆ ಬಂದು ಬೀಳುತ್ತದೆ. ಲೆನ್ಸಿನ ಬಳೆ ತಿರುಗಿಸುತ್ತ ಹೋದರೆ ಎರಡು ಚಿತ್ರಗಳು ಒಂದರ ಮೇಲೊಂದು ಕೂರಬೇಕು, ಕೂತರೆ ಫೋಕಸ್ ಆಯಿತು ಎಂದರ್ಥ. ಬಹು ದೂರದ ವಸ್ತುವಾದರೆ ಬಳೆ ಕೊನೆ ಮುಟ್ಟಿದಾಗ, ಮಲಗಿಸಿದ ಎಂಟರಂತಿರುವ ಗುರುತಿನ ಹತ್ತಿರ ಕೂರಬೇಕು. ಆ ಗುರುತಿಗೆ ಅನಂತ ಎಂದು ಹೆಸರು. ಪಿರಿಯಾಪಟ್ಟಣದ ತಾರಸಿಯ ಮೇಲೆ ನಿಂತವನಿಗೆ ಅನಂತವೆಂದರೆ ಬೆಟ್ಟದಪುರದ ಬೆಟ್ಟವೇ; ಅದಕ್ಕಿಂತ ದೂರದ್ದು ಮನೆಗಳ ಸಂದಿಯಲ್ಲಿ ಯಾವುದೂ ಕಾಣುವುದಿಲ್ಲ. ಕನ್ನಡಕದ ಅಂಗಡಿಯವನಿಂದ ಕೇಳಿ ತಂದ ಸಣ್ಣ ಸ್ಕ್ರೂಡ್ರೈವರನ್ನು ಕಿಟಕಿಯ ಪಕ್ಕದ ತೂತಿಗೆ ತೂರಿಸಿ, ಉಸಿರು ಬಿಗಿಹಿಡಿದು, ಇರುವೆಯ ಹೆಜ್ಜೆಯಷ್ಟು ತಿರುಗಿಸಿದ. ಅಡ್ಡಕ್ಕೆ ಕೂತಿತು. ಉದ್ದಕ್ಕೆ ತಪ್ಪಿತು. ಉದ್ದಕ್ಕೆ ಸರಿಮಾಡಿದ. ಅಡ್ಡಕ್ಕೆ ತಪ್ಪಿತು.

"ಕಾಫಿ ಆರ್ತಾ ಇದೆ ಕಣ್ರೀ" ಎಂದು ಕೆಳಗಿನಿಂದ ಉಷಾರಾಣಿ ಕೂಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಕ್ಕರೆಯೂ ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಮಡಿಕೇರಿಯ ಬಸ್ಸು ಹೊರಟಿದೆ ಎಂದು ಮೈಕಿನಲ್ಲಿ ಹೇಳುವವರ ಹಾಗೆ, ಹತ್ತುವವರು ಹತ್ತಿ, ಬಿಡುವವರು ಬಿಡಿ ಎಂಬಂತಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಬೆಳಕು, ಮಸೂರ, ಪ್ರತಿಬಿಂಬ ಎಲ್ಲ ಅವಳ ಪಾಠವೇ. ಗಂಡನ ಕ್ಯಾಮೆರಾಗಳ ಬಗ್ಗೆ ಮಾತ್ರ ಅವಳು ಒಂದೇ ಒಂದು ಪ್ರಶ್ನೆ ಕೇಳಿದ್ದಳು: "ಇದರಲ್ಲಿ ಫೋಟೊ ಯಾವಾಗ ತೆಗೀತೀರಿ?" ಗೌರೀಶ್ ಆಗ ಬೀರುವಿನಲ್ಲಿದ್ದ ಇತರ ಎರಡನ್ನು ತೋರಿಸಿ ವಿವರವಾಗಿ ಹೇಳಿದ್ದ. ಒಂದರಲ್ಲಿ ಬೆಳಕಿಗೆ ದಾರಿ ಬಿಡುವ ಪರದೆ ಅರ್ಧಕ್ಕೆ ಬಂದು ನಿಲ್ಲುತ್ತದೆ, ಇನ್ನೊಂದರ ಗೇರು ಕಚ್ಚಿಕೊಂಡಿದೆ, ಈ ಝೋರ್ಕಿ ಒಂದೇ ದಾರಿಗೆ ಬರುವ ಲಕ್ಷಣ ತೋರಿಸುತ್ತಿರುವುದು. ಫಿಲ್ಮು ಹಾಕುವುದು ಕೊನೆಯ ಕೆಲಸ, ಅದಕ್ಕೆ ಮುಂಚೆ ಎಲ್ಲ ಸರಿಯಿರಬೇಕು. ಎಲ್ಲ ಸರಿಯಿದೆಯೇ ಎಂದು ತಿಳಿಯಬೇಕಾದರೆ ಫಿಲ್ಮು ಹಾಕಬೇಕು ಎಂಬುದೂ ಅವನಿಗೆ ಗೊತ್ತಿತ್ತು. ಉಷಾರಾಣಿ ಎಲ್ಲ ಕೇಳಿಸಿಕೊಂಡು, "ಓಹೋ" ಎಂದು ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದ್ದಳು. ಆ ಓಹೋ ಇನ್ನೂ ಮನೆಯಲ್ಲೆಲ್ಲೋ ಓಡಾಡಿಕೊಂಡಿದೆ ಎಂದು ಅವನಿಗೆ ಒಮ್ಮೊಮ್ಮೆ ಅನಿಸುತ್ತಿತ್ತು.

ಝೋರ್ಕಿ ಸಿಕ್ಕಿದ್ದು ಬೈಲಕುಪ್ಪೆಯಲ್ಲಿ, ಸ್ವೆಟರು, ಹಿತ್ತಾಳೆ ಬಟ್ಟಲು, ಹಳೇ ಗಡಿಯಾರ ಎಲ್ಲ ಇಟ್ಟುಕೊಂಡ ಒಂದು ಅಂಗಡಿಯಲ್ಲಿ. ಅಂಗಡಿಯ ಟಿಬೆಟನ್ ಮುದುಕ ಅದನ್ನು ಕೈಗೆ ಕೊಟ್ಟು ತನ್ನ ಜಪಮಾಲೆಗೆ ಮರಳಿದ್ದ. ಗೌರೀಶ್ ಹಿಂಬದಿಯ ಮುಚ್ಚಳ ಬಿಚ್ಚಿ, ಲೆನ್ಸು ತಿರುಚಿ ತೆಗೆದು, ಬಿಸಿಲಿಗೆ ಹಿಡಿದು ಬಟ್ಟೆಯ ಪರದೆಯಲ್ಲಿ ತೂತುಗಳಿವೆಯೇ ಎಂದು ನೋಡಿದ. ಇದ್ದವು. ಕಪ್ಪು ಪರದೆಯ ಮೂಲೆಯಲ್ಲಿ ನಾಲ್ಕಾರು ಚುಕ್ಕಿ ಬೆಳಕು, ಚಿಕ್ಕಂದಿನಲ್ಲಿ ಟೂರಿಂಗ್ ಟಾಕೀಸಿನ ಡೇರೆಯೊಳಗೆ ಮಧ್ಯಾಹ್ನದ ಆಟಕ್ಕೆ ಕೂತಾಗ ನೆತ್ತಿಯ ಮೇಲೆ ಕಾಣುತ್ತಿದ್ದ ಹಾಗೆ. ಸಿನಿಮಾಕ್ಕಿಂತ ಆ ತೂತುಗಳನ್ನೇ ನೋಡುತ್ತ ಕೂರುತ್ತಿದ್ದೆನಲ್ಲ ಎಂದು ನೆನಪಾಗಿ ಅಲ್ಲೇ ನಿಂತುಬಿಟ್ಟಿದ್ದ. ಮೊದಲು ಫಿಲ್ಮು ಮುಂದೆ ಸರಿಸುವ ಸನ್ನೆ ಎಳೆದು ಆಮೇಲೆ ಪರದೆಯ ವೇಗದ ಗುಂಡಿ ತಿರುಗಿಸಬೇಕು, ತಿರುಗಾಮುರುಗಾ ಆದರೆ ಒಳಗಿನ ಹಲ್ಲು ಮುರಿಯುತ್ತದೆ ಎಂಬುದನ್ನು ಓದಿಕೊಂಡೇ ಹೋಗಿದ್ದ. ಒಂದೊಂದೇ ವೇಗ ಹಾಕಿ ಕಿವಿಗಿಟ್ಟು ಕೇಳಿದ. ಬಹಳ ಹೊತ್ತಾದ ಮೇಲೆ ಮುದುಕ ಮಾಲೆ ಕೆಳಗಿಟ್ಟು, "ಸಾರ್, ತಗೊಳಿ, ಇಲ್ಲಾ ಇಲ್ಲೇ ಕೆಲ್ಸಕ್ಕೆ ಸೇರ್ಕೊಳಿ" ಎಂದ. ಝೋರ್ಕಿ ಎಂದರೆ ರಷ್ಯನ್ನಿನಲ್ಲಿ ಚುರುಕು ಕಣ್ಣಿನವ ಎಂದು ಮನೆಗೆ ಬಂದು ಹೇಳಿದಾಗ ಉಷಾರಾಣಿ ಕ್ಯಾಮೆರಾವನ್ನೂ ಅವನನ್ನೂ ಒಂದು ಸಲ ನೋಡಿದಳು.

ಪರೀಕ್ಷೆ ಮಾಡುವುದು ಅವನಿಗೆ ಮನೆತನದಿಂದ ಬಂದದ್ದು. ಅವನಪ್ಪ ನೀಲಕಂಠಸ್ವಾಮಿಯವರು ಪಂಪ್‌ಸೆಟ್ಟಿನ ಸಾಮಾನು ಮಾರುತ್ತಿದ್ದ ಕಾಲದಲ್ಲಿ ಒಂದೊಂದು ಫುಟ್‌ವಾಲ್ವನ್ನೂ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಬಾಯಿಂದ ಊದಿ, ಗುಳ್ಳೆ ಬರದಿದ್ದರೆ ಮಾತ್ರ ರೈತನ ಕೈಗೆ ಕೊಡುತ್ತಿದ್ದರು. ಆದರೆ ಅಪ್ಪ ಊದಿ, ಒರೆಸಿ, ಕೊಟ್ಟುಬಿಡುತ್ತಿದ್ದರು. ಕೊಡುವುದು ಎಂಬ ಆ ಕೊನೆಯ ಚಲನೆ ಮಗನಿಗೆ ಬರಲಿಲ್ಲ. ಮದುವೆಗೆ ಮುಂಚೆ ಉಷಾರಾಣಿಯನ್ನು ನೋಡಲು ಅಪ್ಪ ಮಗ ಕೆ.ಆರ್. ನಗರಕ್ಕೆ ಮೂರು ಸಲ ಹೋಗಿದ್ದರು. ಮೊದಲ ಸಲವೇ ಗೌರೀಶನಿಗೆ ಅವಳು ಇಷ್ಟವಾಗಿದ್ದಳು. ಇಷ್ಟವಾಗಿರುವುದು ನಿಜವೇ ಎಂದು ನೋಡಲು ಎರಡನೇ ಸಲ, ಎರಡನೇ ಸಲ ಅನಿಸಿದ್ದು ಸರಿಯೇ ಎಂದು ನೋಡಲು ಮೂರನೇ ಸಲ. ಮೂರು ಸಲವೂ ಅವಳೇ ಉಪ್ಪಿಟ್ಟಿನ ತಟ್ಟೆ ತಂದಿಟ್ಟಳು. ಮೂರನೆಯ ಸಲ ತಟ್ಟೆ ಇಡುವಾಗ ಅದು ಟೀಪಾಯಿಗೆ ಕೊಂಚ ಜೋರಾಗಿ ತಗುಲಿತು. ಇವತ್ತಿಗೂ ಈ ಮನೆಯಲ್ಲಿ ಉಪ್ಪಿಟ್ಟು ಮಾಡುವುದಿಲ್ಲ. ಯಾಕೆ ಎಂದು ಅವನು ಕೇಳಿಲ್ಲ, ಅವಳು ಹೇಳಿಲ್ಲ.

ಪಕ್ಕದ ತಾರಸಿಯಲ್ಲಿ ಬಳೆಯ ಸದ್ದಾಯಿತು. ಪಕ್ಕದ ಮನೆಯ ಷಣ್ಮುಖಪ್ಪನವರ ಅಕ್ಕ ಪುಟ್ಟಮಲ್ಲಮ್ಮ ಮೆಣಸಿನಕಾಯಿ ಹರವಲು ಬಂದಿದ್ದರು. ಗಂಡ ತೀರಿಹೋಗಿ ತಮ್ಮನ ಮನೆ ಸೇರಿ ಬಹಳ ವರ್ಷವಾದ ಹೆಂಗಸು, ಅರುವತ್ತು ದಾಟಿದವರು. ಬೆಟ್ಟಕ್ಕೂ ಗೌರೀಶನಿಗೂ ನಡುವೆ ಅವರ ತಾರಸಿ ಇದ್ದುದರಿಂದ ಪ್ರತಿ ಬೆಳಿಗ್ಗೆ ಅನಂತದ ಕೆಳಗಡೆ ಅವರೂ ಇರುತ್ತಿದ್ದರು. ಮಂಜು ಬೆಟ್ಟವನ್ನು ನುಂಗಿದ ದಿನ ಸುಮ್ಮನೆ ಇರಲಾಗದೆ ಗೌರೀಶ್ ಹತ್ತಿರದ ಫೋಕಸ್ಸು ನೋಡುತ್ತಿದ್ದ. ಹತ್ತಿರಕ್ಕೆ ನೋಡಲು ಚೂಪಾದ, ಹೊಳೆಯುವ, ಸಣ್ಣದೊಂದು ವಸ್ತು ಬೇಕು. ಪುಟ್ಟಮಲ್ಲಮ್ಮನ ಮೂಗುಬೊಟ್ಟಿಗಿಂತ ಅದಕ್ಕೆ ಒದಗಿ ಬರುವಂಥದ್ದು ಆ ಬೀದಿಯಲ್ಲಿ ಇರಲಿಲ್ಲ. ಬಿಸಿಲು ಬಿದ್ದೊಡನೆ ಚಿತ್ರದ ನಡುವೆ ಎರಡು ಕಿಡಿ. ಬಳೆ ತಿರುಗಿಸಿದರೆ ಕಿಡಿ ಕಿಡಿಯ ಮೇಲೆ ಕೂತು ಒಂದಾಗುತ್ತಿತ್ತು. ಆಗ ಗುಂಡಿ ಒತ್ತಿ ಸದ್ದು ಕೇಳುತ್ತಿದ್ದ: ಟಕ್. ನಿಧಾನದ ವೇಗವಾದರೆ ಜರ್ರ್ ಎಂದು ಗೊರಕೆ ಹೊಡೆದು ಟಕ್. ಈಚೆಗೆ ಅವರು ಮೆಣಸಿನಕಾಯಿ ಹರವಲು ಕುಂಕುಮ ಬಣ್ಣದ ರೇಷ್ಮೆ ಸೀರೆ ಉಟ್ಟು ಬರುತ್ತಿದ್ದುದನ್ನು, ಕಿವಿಯ ಹಿಂದೆ ಕನಕಾಂಬರ ಇಣುಕುತ್ತಿದ್ದುದನ್ನು ಅವನು ನೋಡಿಯೇ ಇದ್ದ. ಅಂಚು ಚೆನ್ನಾಗಿ ಬೇರೆಯಾಗಿ ಕಾಣುತ್ತದೆ, ಪರೀಕ್ಷೆಗೆ ಅನುಕೂಲ ಎಂದುಕೊಂಡಿದ್ದ. ಅಷ್ಟೇ.

ಅಷ್ಟೇ ಅಲ್ಲ ಎಂದು ಗೊತ್ತಾದದ್ದು ಹನ್ನೊಂದು ಗಂಟೆಯ ಸುಮಾರಿಗೆ, ಅಪ್ಪನಿಂದ ಅವನ ಕೈಗೆ ಬಂದ ಪಂಪ್‌ಸೆಟ್ಟಿನ ಅಂಗಡಿಯಲ್ಲಿ. ಬೆಟ್ಟದಪುರದ ಕಡೆಯ ರೈತ ಚಾಮಯ್ಯ ಪೈಪಿನ ಬೆಂಡು ಕೇಳಿಕೊಂಡು ಬಂದವನು, ಬೆಂಡು ಕೈಗೆ ಬಂದ ಮೇಲೂ ನಿಂತೇ ಇದ್ದ.

"ಸ್ವಾಮಿ, ಒಂದ್ಮಾತು ಕೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡಿ. ನೀವು ದಿನಾ ಬೆಳಗ್ಗೆ ಮನೆ ಮ್ಯಾಲೆ ದುರ್ಬೀನು ಇಡ್ಕಂಡು ನಿಂತ್ಕತೀರಂತೆ?"

"ದುರ್ಬೀನಲ್ಲ ಚಾಮಯ್ಯ, ಕ್ಯಾಮೆರಾ" ಎಂದ ಗೌರೀಶ್. ಹೇಳಿದ ಮೇಲೆ, ತಪ್ಪು ತಿದ್ದಲು ಹೋಗಿ ದೊಡ್ಡ ತಪ್ಪನ್ನು ತಾನಾಗಿ ಒಪ್ಪಿಕೊಂಡ ಹಾಗಾಯಿತು ಎನಿಸಿತು.

"ಯಾರ ಪೋಟ ತೆಗೀತೀರಿ?"

"ಯಾರದೂ ಇಲ್ಲಪ್ಪ. ನಿಮ್ಮೂರ ಬೆಟ್ಟ ನೋಡ್ತೀನಿ."

"ದಿನಾನೂವಾ?"

"ದಿನಾ."

ಚಾಮಯ್ಯ ಸ್ವಲ್ಪ ಹೊತ್ತು ಬೆಂಡನ್ನು ತಿರುಗಿಸಿ ನೋಡಿದ. "ಬೆಟ್ಟ ಅಲ್ಲೇ ಇರ್ತದಲ್ಲ ಸ್ವಾಮಿ, ಎಲ್ಗೂ ವೋಗಾಕಿಲ್ಲ" ಎಂದ, ಕಾಯಿಲೆಯವರಿಗೆ ಹೇಳುವ ದನಿಯಲ್ಲಿ.

"ಅದರಲ್ಲಿ ಫಿಲ್ಮೇ ಇಲ್ಲ ಚಾಮಯ್ಯ."

ಇದು ಇನ್ನೂ ಕೆಟ್ಟ ಮಾತಾಯಿತು. ಹೆಂಗಸರ ಫೋಟೊ ಕದ್ದು ತೆಗೆಯುವ ವರ್ತಕ ಎಂಬುದು ಊರಿಗೆ ಅರ್ಥವಾಗುವಂಥ ವಿಷಯ. ಫಿಲ್ಮಿಲ್ಲದ ಕ್ಯಾಮೆರಾ ಹಿಡಿದು ದಿನವೂ ಟಕ್ ಟಕ್ ಎನಿಸುವ ವರ್ತಕನನ್ನು ಏನೆಂದು ತಿಳಿಯಬೇಕು? ಚಾಮಯ್ಯ ಮುಖ ತಗ್ಗಿಸಿಕೊಂಡು, ಮೆಲ್ಲಗೆ ಮೆಟ್ಟಿಲಿಳಿದು ಹೋದ. ಮಧ್ಯಾಹ್ನವೆಲ್ಲ ಗೌರೀಶನಿಗೆ ಅಂಗಡಿಯ ಮುಂದೆ ನಡೆದುಹೋಗುವವರೆಲ್ಲ ಒಂದು ಕ್ಷಣ ನಿಧಾನಿಸುತ್ತಾರೆ ಎಂದು ತೋರಿತು. ವಾಷರುಗಳನ್ನು ಅಳತೆಯ ಪ್ರಕಾರ ಬೇರೆ ಮಾಡುತ್ತ ಕೂತ. ಅವು ಬೇರೆಯಾಗಿಯೇ ಇದ್ದವು. ನಾನು ನೋಡಿದ್ದು ಮೂಗುಬೊಟ್ಟನ್ನು ಮಾತ್ರ ಎಂದು ಮನಸ್ಸಿನಲ್ಲೇ ಯಾರಿಗೋ ಹೇಳಿದ. ಆ ಯಾರೋ, ಮೂಗುಬೊಟ್ಟು ಗಾಳಿಯಲ್ಲಿ ತೇಲುತ್ತಿತ್ತೇ, ಮೂಗಿರಲಿಲ್ಲವೇ, ಮುಖವಿರಲಿಲ್ಲವೇ ಎಂದ. ಇತ್ತು. ಆದರೆ ಆ ಮುಖ ಹೇಗಿತ್ತು ಎಂದು ನೆನೆಸಿಕೊಳ್ಳಲು ಹೋದರೆ ಕಿಡಿಯೊಂದೇ ನೆನಪಿಗೆ ಬರುತ್ತಿತ್ತು. ಇಷ್ಟು ದಿನ ಒಬ್ಬ ಹೆಂಗಸನ್ನು ಕಣ್ಣಿಟ್ಟು ನೋಡಿಯೂ ಅವರ ಮುಖ ತನಗೆ ಗೊತ್ತಿಲ್ಲ ಎಂಬುದು ಮಾನ ಉಳಿಸುವ ಸಂಗತಿಯೋ ಮಾನ ತೆಗೆಯುವ ಸಂಗತಿಯೋ ಅವನಿಗೆ ತೀರ್ಮಾನವಾಗಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಷಣ್ಮುಖಪ್ಪನವರು ಬಂದರು. ಹೊಗೆಸೊಪ್ಪಿನ ವ್ಯಾಪಾರ ಬಿಟ್ಟು ಮನೆಯಲ್ಲಿರುವವರು, ಆದರೂ ಎಲೆ ಮೂಸಿ ದರ್ಜೆ ಹೇಳುತ್ತಿದ್ದ ಮೂಗು ಹಾಗೇ ಇದೆ. ಯಾರ ಮನೆಗೆ ಬಂದರೂ ಮೊದಲು ಒಂದು ಸಲ ಗಾಳಿ ಎಳೆದುಕೊಂಡು ಆಮೇಲೆ ಕೂರುತ್ತಾರೆ. ಕೂತರು. ಉಷಾರಾಣಿ ಕೊಟ್ಟ ಕಾಫಿ ಕುಡಿದರು. ಈ ಸಲದ ಚಳಿಯ ಬಗ್ಗೆ ಮಾತಾಡಿದರು. ಲೋಟ ಕೆಳಗಿಟ್ಟರು.

"ನೋಡಿ ಗೌರೀಶ್, ನಿಮ್ಮ ತಂದೆಯೋರು ದೇವ್ರಂಥ ಮನ್ಸ. ನಾನು ಸುತ್ತಿ ಬಳಸಿ ಮಾತಾಡಕ್ಕಿಲ್ಲ. ನಮ್ಮಕ್ಕ ಹೂ ಮುಡೀತಾವ್ಳೆ."

"ಒಳ್ಳೇದಲ್ವಾ" ಎಂದುಬಿಟ್ಟ ಗೌರೀಶ್.

"ಏನ್ರೀ ಒಳ್ಳೇದು? ಭಾವ ಹೋದಾಗಿಂದ ಇಲ್ದಿದ್ದು ಈಗ ಬೆಳಗಾದ್ರೆ ಕನಕಾಂಬರ ತಂದ್ಕೊಡು ಅಂತಾಳೆ. ಬೀರುನಲ್ಲಿದ್ದ ರೇಸ್ಮೆ ಸೀರೆ ಉಟ್ಕಂಡು ಮೆಣಸಿನಕಾಯಿ ಒಣಗಾಕ್ತಾಳೆ. ಯಾಕಕ್ಕ ಅಂದ್ರೆ, ಗೌರೀಸ ದಿನಾ ಪೋಟ ತೆಗೀತಾನೆ, ಮಾಸಿದ ಸೀರೇಲಿ ನಿಂತ್ಕಳಕ್ಕಾಯ್ತದಾ ಅಂತಾಳೆ. ಬೀದೀಲಿ ನಾನು ತಲೆ ಎತ್ಕಂಡು ಓಡಾಡಂಗಿಲ್ಲ. ಆ ಪೋಟಗಳ್ನೆಲ್ಲ ಕೊಟ್ಬುಡಿ. ನಿಮ್ ಮುಂದೇನೇ ಸುಟ್ಟಾಕ್ತೀನಿ."

ಗೌರೀಶ್ ಎದ್ದು ಬೀರುವಿನಿಂದ ಝೋರ್ಕಿ ತಂದ. ತಳದ ಎರಡು ಕೀಲಿಗಳನ್ನು ತಿರುಗಿಸಿ ಹಿಂಬದಿಯ ಮುಚ್ಚಳವನ್ನು ಪೂರಾ ಕಳಚಿ ಷಣ್ಮುಖಪ್ಪನವರ ಮುಂದೆ ಹಿಡಿದ. ಒಳಗೆ ಫಿಲ್ಮು ಸುತ್ತಿಕೊಳ್ಳಬೇಕಾದ ಒಂದು ಬರಿಯ ಸುರುಳಿಕಡ್ಡಿ, ಕಪ್ಪು ಪರದೆ. "ಖಾಲಿ. ಯಾವತ್ತೂ ಖಾಲಿ" ಎಂದ. ಷಣ್ಮುಖಪ್ಪನವರು ಬಗ್ಗಿ ನೋಡಿದರು, ಮೂಸಿದರು.

"ತೆಗ್ದಿಟ್ಟಿದ್ದೀರಿ."

"ಇಲ್ಲ, ಹಾಕೇ ಇಲ್ಲ."

"ಹಾಕ್ದೆ ಯಾರಾದ್ರೂ ಟಕ್ ಟಕ್ ಅನ್ನುಸ್ತಾರೇನ್ರೀ? ನನ್ನ ಯಾವೂರೋನು ಅನ್ಕಂಡ್ರಿ?"

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಉಷಾರಾಣಿ ಆಗ ಮಾತಾಡಿದಳು. "ಷಣ್ಮುಖಪ್ಪನೋರೇ, ನೀವು ತಪ್ಪು ತಿಳ್ಕೊಂಡಿದ್ದೀರಿ. ಇವರು ಫೋಟೊ ತೆಗೆಯೋರಲ್ಲ. ಮದುವೆಯಾಗಿ ಇಷ್ಟು ವರ್ಷ ಆಯ್ತು, ನಂದೇ ಒಂದು ತೆಗೆದಿಲ್ಲ. ಇನ್ನು ನಿಮ್ಮಕ್ಕಂದು ತೆಗೀತಾರಾ?"

ಅವನ ಪರವಾಗಿ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಇರಲಿಲ್ಲ. ಷಣ್ಮುಖಪ್ಪನವರ ಮುಖ ಸಡಿಲವಾಯಿತು, ಅವರು ನಂಬಿದರು. ಗೌರೀಶನಿಗೆ ಮಾತ್ರ, ಬಿಡುಗಡೆಯಾದ ಕೈದಿಯನ್ನು ಅದೇ ಬಾಗಿಲಲ್ಲಿ ಇನ್ನೊಂದು ಕೇಸಿಗೆ ಹಿಡಿದುಕೊಂಡ ಹಾಗಾಯಿತು. ಅವನು ಹೆಂಡತಿಯ ಕಡೆ ನೋಡಿದ. ಅವಳು ಖಾಲಿ ಲೋಟ ಎತ್ತಿಕೊಳ್ಳುತ್ತಿದ್ದಳು.

"ಏನು? ಫಿಲಮ್ಮೇ ಇಲ್ವಾ?"

ಜಗಲಿಯ ಮೇಲೆ ಎಷ್ಟು ಹೊತ್ತಿನಿಂದ ನಿಂತಿದ್ದರೋ, ಪುಟ್ಟಮಲ್ಲಮ್ಮ ಒಳಗೆ ಬಂದರು. ತಮ್ಮನ ಕಡೆ ನೋಡಲಿಲ್ಲ. ನೆಟ್ಟಗೆ ಕ್ಯಾಮೆರಾದ ಹತ್ತಿರ ಬಂದು ಅದರ ಖಾಲಿ ಹೊಟ್ಟೆಯನ್ನು ನೋಡಿದರು.

"ಅಂಗಾದ್ರೆ ಇಷ್ಟು ದಿನ ಅದು ಸದ್ದು ಮಾಡ್ತಿದ್ದದ್ದು?"

"ಪರೀಕ್ಷೆ, ದೊಡ್ಡಮ್ಮ."

"ಯಾರ್ಗೆ ಪರೀಕ್ಸೆ? ನಂಗಾ?" ಅವರು ಸೆರಗನ್ನು ಹೆಗಲಿಗೆ ಎಳೆದುಕೊಂಡರು. "ನಾನು ಮುದುಕಿ, ನಡ ನೋವಾದ್ರೂ ನೆಟ್ಗೆ ನಿಂತ್ಕತಿದ್ದೆ. ಬಿಸ್ಲು ಮುಖುಕ್ಕೆ ಬೀಳ್ಲಿ ಅಂತ ಆಕಡಿಂದ ಈಕಡೀಕೆ ಬರ್ತಿದ್ದೆ. ಒಂದಿನ ಬಂದು ಕೊಡ್ತಾನೆ ಅನ್ಕಂಡಿದ್ದೆ ಕಣಪ್ಪ. ನನ್ನ ಪೋಟ ಅಂತ ಈ ಪ್ರಪಂಚದಲ್ಲಿ ಏನೈತೆ ಹೇಳು? ಆ ಆಧಾರ್ ಕಾರ್ಡಿನಲ್ಲಿ ಒಂದೈತೆ. ಕೋಳಿ ಕದ್ದು ಸಿಕ್ಕಾಕ್ಕೊಂಡೋಳ ತರ ಕಾಣ್ತೀನಿ. ನಾಳೆ ನಾನು ಸತ್ರೆ ಇವ್ನು ಅದ್ನೇ ದೊಡ್ಡದು ಮಾಡ್ಸಿ ಹಾರ ಹಾಕ್ತಾನೆ. ಬಂದೋರೆಲ್ಲ ಅದಕ್ಕೇ ಕೈ ಮುಗೀಬೇಕು."

"ಅಕ್ಕ, ಪೋನಲ್ಲಿ ತೆಗ್ದಿಲ್ವಾ ಎಲ್ಲಾರೂ..." ಎಂದರು ಷಣ್ಮುಖಪ್ಪನವರು.

"ಪೋನಲ್ಲಿ ತೆಗ್ದಿದ್ದು ಪೋನಲ್ಲೇ ಇರ್ತದೆ. ಗೋಡೆ ಮ್ಯಾಲೆ ಬರಾಕಿಲ್ಲ." ಅವರು ಮತ್ತೆ ಗೌರೀಶನ ಕಡೆ ತಿರುಗಿದರು. "ನಿಂಗೆ ಅಷ್ಟು ದೂರದ ಬೆಟ್ಟ ಕಾಣ್ತದೆ. ನಾನು ಕಾಣಾಕಿಲ್ಲ."

"ಕಾಣ್ತಿದ್ರಿ ದೊಡ್ಡಮ್ಮ" ಎಂದ ಗೌರೀಶ್. ಬಾಯಿ ಕಟ್ಟಬೇಕೆಂದು ಗೊತ್ತಿದ್ದೂ ಕಟ್ಟಲಾಗಲಿಲ್ಲ. "ಬೆಟ್ಟ ಕಾಣದ ದಿನ ನಿಮ್ಮ ಮೂಗುಬೊಟ್ಟಿನ ಮೇಲೇ ಫೋಕಸ್ ಮಾಡ್ತಿದ್ದೆ."

ಷಣ್ಮುಖಪ್ಪನವರು ಕುರ್ಚಿಯಿಂದ ಎದ್ದರು. ಉಷಾರಾಣಿಯ ಕೈಯಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿದವು. ಗೌರೀಶ್ ತನ್ನ ಕಾಲ ಹೆಬ್ಬೆರಳನ್ನು ನೋಡುತ್ತ ನಿಂತ, ಉಗುರು ಬೆಳೆದಿತ್ತು. ಪುಟ್ಟಮಲ್ಲಮ್ಮ ನಿಧಾನವಾಗಿ ಕೈ ಎತ್ತಿ ಮೂಗುಬೊಟ್ಟು ಮುಟ್ಟಿಕೊಂಡರು.

"ಅಷ್ಟು ದೂರಕ್ಕೂ ಕಾಣ್ತದಾ?"

"ಚೆನ್ನಾಗಿ ಕಾಣುತ್ತೆ. ಬಿಸಿಲು ಬಿದ್ರೆ ನಕ್ಷತ್ರ ಇದ್ದ ಹಾಗೆ."

"ನಮ್ಮವ್ವ ಕೊಟ್ಟಿದ್ದು" ಎಂದರು ಅವರು, ಯಾರಿಗೂ ಅಲ್ಲದೆ. ಆಮೇಲೆ ಗೌರೀಶನ ಕಡೆ ತಿರುಗಿ, "ಭಾನ್ವಾರ ಫಿಲಮ್ಮು ಹಾಕಿ ತೆಗಿ. ನಮ್ ಮನೆ ಮ್ಯಾಲೇನೇ. ನಿನ್ ಹೆಂಡ್ತೀನೂ ಕರ್ಕಂಡು ಬಾ" ಎಂದರು.

"ಅಕ್ಕ, ಹೂವು..."

"ಕೂದ್ಲು ನಂದು ಕಣ್ಲಾ" ಎಂದು ಅವರು ಹೊರಟೇಬಿಟ್ಟರು. ಷಣ್ಮುಖಪ್ಪನವರು ಹಿಂದೆಯೇ ಹೋದರು; ಬಾಗಿಲ ಬಳಿ ತಿರುಗಿ, "ಕಲರ್ ಫಿಲಮ್ಮೇ ಹಾಕಿ" ಎಂದರು.

ಗೌರೀಶ್ ಮೈಸೂರಿನ ಬಸ್ಸು ಹತ್ತಿ ಫಿಲ್ಮು ತಂದ. ಬಿಡಿಭಾಗದ ವ್ಯಾಪಾರಿಯಾದ್ದರಿಂದ ಒಂದು ಬೇಕಾದಲ್ಲಿ ಎರಡು ತಂದ. ಶನಿವಾರವೆಲ್ಲ ಪರದೆಯ ತೂತುಗಳಿಗೆ ಕಪ್ಪು ಬಣ್ಣ ಹಚ್ಚಿ, ಒಣಗಿಸಿ, ಬಿಸಿಲಿಗೆ ಹಿಡಿದು, ಮತ್ತೆ ಹಚ್ಚಿದ. ಭಾನುವಾರ ಷಣ್ಮುಖಪ್ಪನವರ ತಾರಸಿಯಲ್ಲಿ ಮೆಣಸಿನಕಾಯಿಯನ್ನು ಒಂದು ಮೂಲೆಗೆ ಗುಡಿಸಿ ಕುರ್ಚಿ ಹಾಕಿದ್ದರು. ಪುಟ್ಟಮಲ್ಲಮ್ಮ ಕುಂಕುಮ ಬಣ್ಣದ ರೇಷ್ಮೆಯಲ್ಲಿ, ಹಣೆಗೆ ವಿಭೂತಿ ಇಟ್ಟು, ಮಂಡಿಯ ಮೇಲೆ ಕೈ ಊರಿ, ಉಸಿರಾಡದೆ ಕೂತಿದ್ದರು. ಷಣ್ಮುಖಪ್ಪನವರು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಸುತ್ತಮುತ್ತ ಓಡಾಡುತ್ತ, "ಸ್ವಲ್ಪ ನಗಕ್ಕ" ಎನ್ನುವುದು, ಅಕ್ಕ ನಕ್ಕರೆ "ಅಷ್ಟೊಂದು ಬ್ಯಾಡ" ಎನ್ನುವುದು ನಡೆದಿತ್ತು. ಉಷಾರಾಣಿ ಗೋಡೆಗೊರಗಿ ನೋಡುತ್ತಿದ್ದಳು. ಗೌರೀಶ್ ಫಿಲ್ಮಿನ ನಾಲಗೆಯನ್ನು ಸುರುಳಿಗೆ ಸಿಕ್ಕಿಸಿ ಹಿಂಬದಿಯನ್ನು ಮುಚ್ಚಿದ. ಸನ್ನೆ ಎಳೆದಾಗ ಆಕಡೆಯ ಗುಂಡಿ ತಿರುಗಿದರೆ ಫಿಲ್ಮು ಓಡುತ್ತಿದೆ ಎಂದರ್ಥ. ತಿರುಗಿತು. ಮೊದಲು ಸನ್ನೆ, ಆಮೇಲೆ ವೇಗ. ಬೆಳಕಿನ ಲೆಕ್ಕ ನೋಡಿದ, ಮತ್ತೆ ನೋಡಿದ. ಕಣ್ಣಿಟ್ಟ. ಕಿಡಿ ಕಿಡಿಯ ಮೇಲೆ ಕೂತಿತು. ಈ ಸಲ ಕಿಡಿಯ ಸುತ್ತ ಇದ್ದುದನ್ನೂ ನೋಡಿದ: ಅಗಲವಾದ ಮೂಗು, ಎಡಗಣ್ಣಿನ ಕೆಳಗೊಂದು ಮಚ್ಚೆ, ಎಲೆ ಅಡಿಕೆಯ ಕೆಂಪು ತುಟಿ, ಹೆದರಿಕೆಯೋ ಹೆಮ್ಮೆಯೋ ಹೇಳಲಾಗದ ಕಣ್ಣು. ಟಕ್.

ಒಂದಾದ ಮೇಲೆ ಅವನಿಗೆ ನಿಲ್ಲಿಸಲಾಗಲಿಲ್ಲ. ಕೂತದ್ದು, ನಿಂತದ್ದು, ಪಕ್ಕಕ್ಕೆ ತಿರುಗಿದ್ದು, ತಮ್ಮನ ಜತೆ, ತಮ್ಮನನ್ನು ಆಚೆ ಕಳಿಸಿ. ರೋಲು ಮುಗಿದು ಸನ್ನೆ ಮುಂದೆ ಹೋಗಲೊಲ್ಲದೆ ನಿಂತಾಗ ಅವನಿಗೆ ಎದೆಯೊಳಗೆ ಏನೋ ತೆರವಾದಂತಾಯಿತು. ತಾನು ಒಂದು ಕೆಲಸ ಮುಗಿಸಿದ್ದೇನೆ. ಅಕ್ಕ ತಮ್ಮ ಕೆಳಗಿಳಿದರು. ಉಷಾರಾಣಿ ಕುರ್ಚಿ ಮಡಿಸುತ್ತಿದ್ದಳು. ಗೌರೀಶ್ ಲೆನ್ಸಿನ ಮೇಲೆ ಮೆಣಸಿನಕಾಯಿಯ ಧೂಳು ಕೂತಿದೆಯೇ ಎಂದು ಕ್ಯಾಮೆರಾ ತಿರುಗಿಸಿ ನೋಡಿದ. ಧೂಳು ಕೂತಿತ್ತು, ಲೆನ್ಸಿನ ಮೇಲಲ್ಲ, ಲೆನ್ಸಿಗೆ ಹಾಕಿದ್ದ ಕಪ್ಪು ಮುಚ್ಚಳದ ಮೇಲೆ.

ಬೇರೆ ಕ್ಯಾಮೆರಾ ಆಗಿದ್ದರೆ ಕಣ್ಣಿಗೆ ಕತ್ತಲೆ ಕಂಡು ತಕ್ಷಣ ಗೊತ್ತಾಗುತ್ತಿತ್ತು. ಇದರಲ್ಲಿ ನೋಡುವ ಕಿಟಕಿಯೇ ಬೇರೆ, ಚಿತ್ರ ಹಿಡಿಯುವ ಕಣ್ಣೇ ಬೇರೆ. ಮುಚ್ಚಳ ಹಾಕಿಕೊಂಡೇ ಲೋಕವನ್ನೆಲ್ಲ ಸ್ಪಷ್ಟವಾಗಿ ನೋಡಬಹುದು. ಇಡೀ ರೋಲಿನಲ್ಲಿ ಪುಟ್ಟಮಲ್ಲಮ್ಮ ಇರಲಿಲ್ಲ. ಕತ್ತಲೆ ಇತ್ತು, ಒಂದಾದ ಮೇಲೊಂದು, ಸರಿಯಾದ ವೇಗದಲ್ಲಿ ತೆಗೆದ ಕತ್ತಲೆ. ಅವನು ಮುಚ್ಚಳವನ್ನು ಸದ್ದಿಲ್ಲದೆ ತೆಗೆದು ಜೇಬಿಗಿಳಿಸಿದ. ಯಾರೂ ನೋಡಲಿಲ್ಲ. ಮೈಸೂರಿನ ಲ್ಯಾಬಿನಲ್ಲಿ ಕೆಡಿಸಿಬಿಟ್ಟರು ಎಂದರಾಯಿತು. ಫಿಲ್ಮು ಹಳೆಯದಿತ್ತು ಎಂದರಾಯಿತು. ರಷ್ಯಾದವರ ತಲೆಗೆ ಕಟ್ಟಿದರೆ ಕೇಳುವವರೇ ಇಲ್ಲ. ಸುಳ್ಳು ಎಷ್ಟು ಸಲೀಸಾಗಿ ಸಾಲುಗಟ್ಟಿ ಬರುತ್ತಿತ್ತೆಂದರೆ ಅವನಿಗೇ ಆಶ್ಚರ್ಯವಾಯಿತು. ಒಂದನ್ನೂ ಪರೀಕ್ಷೆ ಮಾಡುವ ಅಗತ್ಯವೇ ಕಾಣಲಿಲ್ಲ. ಅಷ್ಟರಲ್ಲಿ ಕೆಳಗೆ ಅಂಗಳದಲ್ಲಿ ಪುಟ್ಟಮಲ್ಲಮ್ಮ ಯಾರಿಗೋ, "ಇವತ್ತು ಪೋಟ ತೆಗ್ಸ್ಕಂಡೆ ಕಣವ್ವ" ಎನ್ನುವುದು ಕೇಳಿಸಿತು. ಗೌರೀಶ್ ಗೋಡೆಯಂಚಿಗೆ ಬಂದು ಬಗ್ಗಿದ.

"ದೊಡ್ಡಮ್ಮಾ!"

ಅವರು ತಲೆಯೆತ್ತಿದರು. ಅವನು ಜೇಬಿನಿಂದ ಮುಚ್ಚಳ ತೆಗೆದು ತೋರಿಸಿದ. "ಇದು ತೆಗೆದಿರಲಿಲ್ಲ."

"ಅಂಗಂದ್ರೆ?"

"ಒಂದೂ ಬರಲ್ಲ."

ಷಣ್ಮುಖಪ್ಪನವರು ಬಿಳಿ ಅಂಗಿಯ ಗುಂಡಿ ಬಿಚ್ಚುತ್ತ ಹೊರಗೆ ಬಂದರು. "ನಾನು ನೋಡ್ದೆ ಕಣ್ರೀ. ಕರ್ರಗೆ ಏನೋ ಮುಚ್ಚಿತ್ತು. ರಸ್ಯಾದ್ದಲ್ವಾ, ಅದು ಅಂಗೇ ಇರಬೇಕೇನೋ ಅನ್ಕಂಡೆ."

ಹಿಂದಿನಿಂದ ವಿಚಿತ್ರವಾದ ಸದ್ದು ಬಂತು. ಗೌರೀಶ್ ತಿರುಗಿದ. ಉಷಾರಾಣಿ ಅರ್ಧ ಮಡಿಸಿದ ಕುರ್ಚಿಯನ್ನು ಹಿಡಿದುಕೊಂಡು, ಬಾಯಿಗೆ ಸೆರಗು ಒತ್ತಿಕೊಂಡು, ನಗುತ್ತಿದ್ದಳು. ಸೆರಗು ಸಾಲದೆ ಕುರ್ಚಿ ಬಿಟ್ಟು ಮೆಣಸಿನಕಾಯಿಯ ಪಕ್ಕದಲ್ಲಿ ನೆಲಕ್ಕೇ ಕೂತಳು. "ಮೂರು ಸಲ ನೋಡೋಕೆ ಬಂದವರು..." ಎಂದಳು, ಮುಂದೆ ಹೇಳಲಾಗಲಿಲ್ಲ, ಕಣ್ಣೊರೆಸಿಕೊಂಡಳು, ಖಾರದ ಕೈಯಾದ್ದರಿಂದ ಇನ್ನಷ್ಟು ನೀರು ಬಂತು. ಅವಳು ಹೀಗೆ ನಗಬಲ್ಲಳೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಇಷ್ಟು ವರ್ಷ ಇದ್ದೆನಲ್ಲ ಎಂಬ ನಾಚಿಕೆಯ ನಡುವೆಯೇ ಅವನಿಗೂ ನಗು ಬರಲು ಶುರುವಾಯಿತು, ಆದರೆ ಕೆಳಗೆ ಪುಟ್ಟಮಲ್ಲಮ್ಮ ಇನ್ನೂ ಮೇಲೆ ನೋಡುತ್ತ ನಿಂತಿದ್ದರು.

"ಇನ್ನೊಂದು ಫಿಲ್ಮಿದೆ ದೊಡ್ಡಮ್ಮ" ಎಂದ.

ಅವರು ಯೋಚಿಸಿದರು. "ಒಳ್ಳೇದೇ ಆಯ್ತು ಬುಡು. ಈ ಕುಪ್ಸ ಬಿಗೀತಿತ್ತು. ನಾಳೀಕೆ ಹಸ್ರು ಸೀರೆ ಉಟ್ಕತೀನಿ."

ಸೋಮವಾರ ಬೆಳಿಗ್ಗೆ ಮಂಜು ಬೇಗ ಎದ್ದಿತ್ತು. ಪುಟ್ಟಮಲ್ಲಮ್ಮನೇ ಈ ಸಲ ಇವರ ತಾರಸಿಗೆ ಬಂದರು, ಹಸಿರು ಸೀರೆಯಲ್ಲಿ, ಹಿಂದೆ ಕುರ್ಚಿ ಹೊತ್ತ ತಮ್ಮ. ಉಷಾರಾಣಿ ಸ್ಕೂಲಿಗೆ ಹೊರಡುವ ಸೀರೆಯುಟ್ಟು ಮೇಲೆ ಬಂದು, ಗಂಡನ ಮುಂದೆ ನಿಂತು ಅಂಗೈ ಚಾಚಿದಳು. ಅವನು ಲೆನ್ಸಿನ ಮುಚ್ಚಳ ತೆಗೆದು ಆ ಕೈಯಲ್ಲಿಟ್ಟ. ಅವಳು ಮುಷ್ಟಿ ಮುಚ್ಚಿಕೊಂಡಳು. ಹಿಂದಕ್ಕೆ ಹೋಗಿ ಗೋಡೆಗೊರಗಬೇಕೆಂದಿದ್ದವಳನ್ನು ಪುಟ್ಟಮಲ್ಲಮ್ಮ ತೋಳು ಹಿಡಿದೆಳೆದರು.

"ಬಾರವ್ವ ಇತ್ಲಾಗೆ. ಮೊದ್ಲು ನಿಂದು ತೆಗೀಲಿ."

"ಅಯ್ಯೋ ನಂದ್ಯಾಕೆ, ಗ್ಯಾಸ್ ಮೇಲೆ ಹಾಲಿಟ್ಟು ಬಂದಿದ್ದೀನಿ" ಎಂದಳು ಉಷಾರಾಣಿ. ಆದರೆ ನಿಂತಳು. ಒಂದು ಕೈಯಲ್ಲಿ ಮುಚ್ಚಳದ ಮುಷ್ಟಿ, ಇನ್ನೊಂದು ಕೈ ಜಡೆಯನ್ನು ಮುಂದಕ್ಕೆ ಹಾಕಿಕೊಂಡು, ಬೇಡವೆಂದು ಹಿಂದಕ್ಕೆ ತಳ್ಳಿತು. "ಬೇಗ ತೆಗೀರಿ."

ಗೌರೀಶ್ ಕಣ್ಣಿಟ್ಟ. ಬೆಳಕಿನ ಲೆಕ್ಕವನ್ನು ಇನ್ನೊಮ್ಮೆ ನೋಡಬೇಕಿತ್ತು. ವೇಗ ಹಾಕುವ ಮುಂಚೆ ಸನ್ನೆ ಎಳೆದೆನೇ ಎಂಬುದು ಖಾತ್ರಿಯಿರಲಿಲ್ಲ. ಪರದೆಗೆ ಬಳಿದ ಬಣ್ಣ ಈ ಚಳಿಗೆ ಸೀಳಿರಬಹುದು. ಕೆಳಗೆ ಹಾಲು ಉಕ್ಕಿ ಒಲೆಯ ಮೇಲೆ ಚುರ್ ಎಂದಿತು. ಸೀದ ವಾಸನೆ ಮೆಟ್ಟಿಲು ಹತ್ತಿ ಬಂತು. ಷಣ್ಮುಖಪ್ಪನವರು ಗಾಳಿ ಎಳೆದುಕೊಂಡು ಉಷಾರಾಣಿಯ ಕಡೆ ನೋಡಿದರು. ಅವಳಿಗೂ ಕೇಳಿಸಿತ್ತು. ಅವಳು ಕದಲಲಿಲ್ಲ.

ಗೌರೀಶ್ ಒತ್ತಿದ.